ರೋಬಸ್ಟಾ: ಹೆಸರಿನ ಹಿಂದಿನ ಮಾತು



ರೋಬಸ್ಟಾ ಎಂಬುದು ನಾವೆಲ್ಲರೂ ದಿನವೂ ಆಡುವ ಮಾತು. ಅದರ ಅರ್ಥವನ್ನೂ ಸ್ವಲ್ಪ ತಿಳಿದುಕೊಳ್ಳೋಣ.

ಇದು ಲ್ಯಾಟಿನ್ ಪದ. ಆ ಭಾಷೆಯಲ್ಲಿ 'ರೋಬರ್' ಎಂದರೆ ಓಕ್ ಮರ, ಅದರ ಗಟ್ಟಿ ಚೇಗು. ಅದರಿಂದಲೇ ಬಲ ಎಂಬ ಅರ್ಥವೂ ಬಂದಿತು. ಯುರೋಪಿನ ಒಂದು ಓಕ್ ಜಾತಿಯ ಶಾಸ್ತ್ರೀಯ ನಾಮ ಇಂದಿಗೂ 'ಕ್ವೆರ್ಕಸ್ ರೋಬರ್'. ಇದರಿಂದ ಹುಟ್ಟಿದ ವಿಶೇಷಣಕ್ಕೆ ಮೂರು ರೂಪಗಳು: ಪುಲ್ಲಿಂಗದಲ್ಲಿ ರೋಬಸ್ಟಸ್, ಸ್ತ್ರೀಲಿಂಗದಲ್ಲಿ ರೋಬಸ್ಟಾ, ನಪುಂಸಕಲಿಂಗದಲ್ಲಿ ರೋಬಸ್ಟಮ್. ಸಂಸ್ಕೃತದ ದೃಢಃ, ದೃಢಾ, ದೃಢಮ್ ಇದ್ದ ಹಾಗೆ. ಕಾಫಿಯ ಕುಲನಾಮ 'ಕಾಫಿಯಾ' ಸ್ತ್ರೀಲಿಂಗವಾದ್ದರಿಂದ ವಿಶೇಷಣವೂ ರೋಬಸ್ಟಾ ಆಯಿತು. ಅರೇಬಿಕಾ ಎಂಬುದೂ ಹೀಗೆಯೇ ಸ್ತ್ರೀಲಿಂಗ. 'ಅರೇಬಿಯಾದ' ಎಂದು ಅದರ ಅರ್ಥ.

'ಕಾಫಿಯಾ ರೋಬಸ್ಟಾ' ಎಂಬ ಹೆಸರು ಪ್ರಕಟವಾದದ್ದು 1900ರಲ್ಲಿ. ಆದರೆ ಅದೇ ಜಾತಿಗೆ 1897ರಲ್ಲಿಯೇ 'ಕಾಫಿಯಾ ಕೆನಿಫೋರಾ' ಎಂಬ ಹೆಸರು ಬಂದಿತ್ತು. ಮೊದಲು ಪ್ರಕಟವಾದ ಹೆಸರಿಗೆ ಮಾನ್ಯತೆ ಎಂಬುದು ಸಸ್ಯಶಾಸ್ತ್ರದ ನಿಯಮ. ಆದ್ದರಿಂದ ರೋಬಸ್ಟಾ ತೋಟದ ಮತ್ತು ಪೇಟೆಯ ಹೆಸರಾಗಿ ಉಳಿದಿದೆ.

ಹೆಸರಿನಲ್ಲಿ ಬಲವಿದೆಯೆಂದು ಆರೈಕೆಯಲ್ಲಿ ಉದಾಸೀನ ಸಲ್ಲದು. ಎಲೆ ತುಕ್ಕು ರೋಗಕ್ಕೂ ಬಿಳಿ ಕಾಂಡಕೊರಕಕ್ಕೂ ಈ ಗಿಡ ಅರೇಬಿಕಾಗಿಂತ ಗಟ್ಟಿ ಎಂಬುದು ನಿಜ. ಆದರೆ ಇದರ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ಬರವನ್ನು ತಾಳದು. ಹೂಮಳೆಯೂ ಅದರ ನಂತರದ ಬ್ಯಾಕಿಂಗ್ ಮಳೆಯೂ ತಪ್ಪಿದರೆ ಫಸಲು ಕುಗ್ಗುತ್ತದೆ. ಕಾಯಿಕೊರಕವೂ ಇದನ್ನು ಬಿಡುವುದಿಲ್ಲ. ಆದ್ದರಿಂದ ಬುಡಕ್ಕೆ ತರಗೆಲೆ ಹೊದಿಸಿ, ನೀರಿನ ಅನುಕೂಲವಿದ್ದವರು ಸಕಾಲದಲ್ಲಿ ತುಂತುರು ನೀರಾವರಿ ಮಾಡಿ, ಕೊಯ್ಲಿನ ನಂತರ ಉದುರಿದ ಕಾಯಿಗಳನ್ನು ತಪ್ಪದೆ ಆರಿಸಬೇಕೆಂದು ಕೋರುತ್ತೇವೆ.