ಹೆಸರು ಬೇಡ, ನಂಬರ್ ಹೇಳಿ

ಹೋದ ವರ್ಷ ರಾಜ್ಯೋತ್ಸವದ ಫೋಟೊ ಸ್ಪರ್ಧೆಗೆ ನಾವೇ ಒಂದು ಸಣ್ಣ ಸೈಟ್ ಮಾಡಿದ್ವಿ. ನೋಡ್ ಜೆಎಸ್ ಆ್ಯಪ್, ಡಾಕರ್ ಕಂಟೇನರ್. ಕೊನೆಯ ದಿನಾಂಕದ ಹಿಂದಿನ ರಾತ್ರಿ ಒಂದು ಕಾಗುಣಿತ ತಪ್ಪು ತಿದ್ದಿ, ಇಮೇಜ್ ಹೊಸದಾಗಿ ಬಿಲ್ಡ್ ಮಾಡಿ ಎಬ್ಬಿಸಿದ್ವಿ. ಸೈಟ್ ಬಂತು, ಅಲ್ಲಿವರೆಗೆ ಬಂದಿದ್ದ ಫೋಟೊ ಒಂದೂ ಇಲ್ಲ. ಒಬ್ಬೊಬ್ಬರಿಗೂ ಮೆಸೇಜ್ ಮಾಡಿ "ಇನ್ನೊಂದ್ಸಲ ಕಳಿಸ್ತೀರಾ?" ಅಂತ ಕೇಳಿದ ಮುಜುಗರ ಇನ್ನೂ ಹೋಗಿಲ್ಲ.

ಆಗಿದ್ದಿಷ್ಟು. ಇಮೇಜ್‌ನ ಪದರಗಳನ್ನು ಓದಬಹುದು, ಬದಲಾಯಿಸುವಂತಿಲ್ಲ. ಕಂಟೇನರ್ ಹುಟ್ಟುವಾಗ ಅವುಗಳ ಮೇಲೆ ಬರೆಯಬಹುದಾದ ಒಂದು ತೆಳು ಪದರ ಕೂರುತ್ತದೆ. ನಮ್ಮ ಫೋಟೊಗಳೆಲ್ಲ ಅದರಲ್ಲೇ ಇದ್ದವು. ಕಂಟೇನರ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಆ ಪದರ ಉಳಿಯುತ್ತದೆ. ಹೊಸ ಇಮೇಜ್ ಬಂದಾಗ ಹಳೇ ಕಂಟೇನರನ್ನೇ ತೆಗೆದು ಹೊಸದನ್ನು ಹುಟ್ಟಿಸ್ತಾರೆ, ಪದರವೂ ಜೊತೆಗೆ ಹೋಗುತ್ತದೆ.

ಸರಿ, ಉಳಿಯಬೇಕಾದ್ದನ್ನು ಹೊರಗಿಡೋಣ ಅಂತ ಸರ್ವರ್‌ನ ಒಂದು ಫೋಲ್ಡರನ್ನು ಕಂಟೇನರ್ ಒಳಗೆ ಬೈಂಡ್ ಮೌಂಟ್ ಮಾಡಿದ್ವಿ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ನಡೀತು. ಲ್ಯಾಬ್ ಸರ್ವರ್‌ಗೆ ಹಾಕಿದ ತಕ್ಷಣ 'ಪರ್ಮಿಷನ್ ಡಿನೈಡ್'.

ಇಲ್ಲೇ ನಾವು ಅರ್ಧ ರಾತ್ರಿ ಕಳೆದದ್ದು. ಪರೀಕ್ಷೆ ಹಾಲ್‌ನಲ್ಲಿ ನಿಮ್ಮ ಹೆಸರು ಯಾರಿಗೆ ಬೇಕು? ಯುಎಸ್‌ಎನ್ ಸಾಕು. ಲಿನಕ್ಸ್ ಕರ್ನಲ್ ಕೂಡ ಹಾಗೇ, ಫೈಲಿನ ಒಡೆಯನನ್ನು ಯುಐಡಿ ಅನ್ನೋ ನಂಬರಿನಿಂದ ಮಾತ್ರ ಗುರುತಿಸುತ್ತದೆ. ಕಂಟೇನರ್ ಒಳಗಿನ 1000 ಮತ್ತು ಹೊರಗಿನ 1000 ಸಾಮಾನ್ಯ ಡಾಕರ್ ಸೆಟಪ್‌ನಲ್ಲಿ ಅದಕ್ಕೆ ಒಬ್ಬರೇ. ನೋಡ್ ಜೆಎಸ್‌ನ ಅಧಿಕೃತ ಇಮೇಜ್‌ನಲ್ಲಿ 'ನೋಡ್' ಅನ್ನೋ ಯೂಸರ್‌ನ ನಂಬರ್ 1000. ಆ್ಯಪ್ ಅವನ ಹೆಸರಲ್ಲೇ ಓಡ್ತಿತ್ತು. ಉಬುಂಟು ಹಾಕಿಕೊಂಡ ಲ್ಯಾಪ್‌ಟಾಪ್‌ನಲ್ಲಿ ಮೊದಲ ಯೂಸರ್‌ಗೂ 1000 ಸಿಗುತ್ತದೆ. ಅಂದ್ರೆ ಅಲ್ಲಿ ನಡೆದದ್ದು ಬರೀ ಅದೃಷ್ಟ! ಲ್ಯಾಬ್ ಸರ್ವರ್‌ನಲ್ಲಿ ನಮ್ಮ ನಂಬರ್ 1003.

ಗೂಗಲ್ ಮಾಡಿದರೆ ಮೊದಲು ಸಿಗೋ ಮದ್ದು 777. ಬೇಡ ಮಾರಾಯ್ರೇ. ಆ ಫೋಲ್ಡರ್ ತಲುಪಬಲ್ಲ ಯಾರು ಬೇಕಾದರೂ ಫೋಟೊ ಅಳಿಸಬಹುದು. ಆ್ಯಪನ್ನು ರೂಟ್ ಆಗಿ ಓಡಿಸೋದೂ ಅಷ್ಟೇ ಕೆಟ್ಟದು: ಫೈಲ್‌ಗಳು ರೂಟ್ ಹೆಸರಿಗೆ ಬೀಳುತ್ತವೆ, ಆಮೇಲೆ ನಮ್ಮ ಲಾಗಿನ್‌ನಿಂದ ತಿದ್ದೋಕಾಗಲ್ಲ. ಎರಡೂ ಕಡೆ 'ಎಲ್‌ಎಸ್ ಮೈನಸ್ ಎಲ್‌ಎನ್' ಹೊಡೆದು ನೋಡಿ, ಅದು ಹೆಸರಿನ ಬದಲು ನಂಬರ್ ತೋರಿಸುತ್ತದೆ. ನಾವು ಕಂಪೋಸ್ ಫೈಲ್‌ನ 'ಯೂಸರ್' ಸಾಲಿನಲ್ಲಿ ನಮ್ಮ ಯುಐಡಿ, ಜಿಐಡಿ ಎರಡನ್ನೂ ಕೊಟ್ಟೆವು. ಕೆಲಸ ಮುಗೀತು.

ಫೈಲ್‌ಗಳನ್ನು ಹೊರಗಿನಿಂದ ಮುಟ್ಟೋ ಅಗತ್ಯ ಇಲ್ಲದಿದ್ದರೆ, ಉದಾಹರಣೆಗೆ ಡೇಟಾಬೇಸ್‌ಗೆ, ಹೆಸರಿಟ್ಟ ವಾಲ್ಯೂಮ್ ವಾಸಿ. ಖಾಲಿ ವಾಲ್ಯೂಮ್ ಮೊದಲ ಸಲ ಮೌಂಟ್ ಆದಾಗ ಇಮೇಜ್‌ನ ಆ ಫೋಲ್ಡರ್‌ನಲ್ಲಿದ್ದ ಫೈಲ್‌ಗಳನ್ನೂ ಒಡೆತನವನ್ನೂ ಡಾಕರ್ ಅದಕ್ಕೆ ನಕಲು ಮಾಡುತ್ತದೆ. ಬೈಂಡ್ ಮೌಂಟ್‌ನಲ್ಲಿ ಈ ಉಪಕಾರ ಇಲ್ಲ. 'ಕಂಪೋಸ್ ಡೌನ್' ಅಂದರೂ ಅಂಥ ವಾಲ್ಯೂಮ್ ಉಳಿಯುತ್ತದೆ; ಮುಂದೆ 'ಮೈನಸ್ ವಿ' ಸೇರಿಸಿದಿರೋ, ಹೋಯ್ತು. ವಾಲ್ಯೂಮ್ ಇದೆ ಅಂದಮಾತ್ರಕ್ಕೆ ಬ್ಯಾಕಪ್ ಇದೆ ಅಂತಲ್ಲ.

ಈ ಸಲ ಸ್ಪರ್ಧೆಯ ಲಿಂಕ್ ಹಂಚುವ ಮೊದಲು ಒಂದು ಫೋಟೊ ಹಾಕಿ, ಬೇಕಂತಲೇ ಕಂಟೇನರ್ ಅಳಿಸಿ, ಮತ್ತೆ ಎಬ್ಬಿಸಿ ನೋಡಿದ್ವಿ. ಫೋಟೊ ಅಲ್ಲೇ ಇತ್ತು.