ಒಬ್ಬರೇ ನಡೆಸುವ ಉದ್ಯಮಕ್ಕೆ ತಕ್ಕ ತಂತ್ರಾಂಶ ಯಾವುದು?

2025ರ ಜುಲೈ ತಿಂಗಳಲ್ಲಿ ರಾಜ್ಯದ ಸಣ್ಣ ವರ್ತಕರಲ್ಲಿ ಉಂಟಾದ ಆತಂಕವನ್ನು ನಮ್ಮ ಓದುಗರು ಮರೆತಿರಲಾರರು. ಯುಪಿಐ ಮೂಲಕ ಬಂದ ಮೊತ್ತವನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಮಂದಿಗೆ ನೋಟಿಸು ಜಾರಿ ಮಾಡಿತು. ಹಾಲು, ತರಕಾರಿ ಮಾರುವವರೂ ಕ್ಯೂಆರ್ ಫಲಕವನ್ನು ತೆಗೆದಿಟ್ಟು ನಗದನ್ನೇ ಕೇಳತೊಡಗಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಪ್ರತಿನಿಧಿಗಳೊಡನೆ ಸಭೆ ನಡೆಸಿ, ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ತಿಳಿಸಿದ ಮೇಲೆ ಪರಿಸ್ಥಿತಿ ತಿಳಿಯಾಯಿತು.

ಆದರೆ ಆ ಪ್ರಕರಣ ಕಲಿಸಿದ ಪಾಠ ಹಾಗೆಯೇ ಉಳಿದಿದೆ. ನಮಗೆ ಬಂದ ಹಣದ ಲೆಕ್ಕ ಬ್ಯಾಂಕಿನಲ್ಲಿದೆ, ಇಲಾಖೆಗೂ ಲಭ್ಯವಿದೆ. ಆ ಹಣದಲ್ಲಿ ಮಾರಾಟದ್ದೆಷ್ಟು, ಕೈಸಾಲವೆಷ್ಟು, ಮಗಳ ಮದುವೆಗೆ ಬಂಧುಗಳು ಕಳುಹಿಸಿದ್ದೆಷ್ಟು, ತೆರಿಗೆ ವಿನಾಯಿತಿ ಇರುವ ಸರಕಿನದ್ದೆಷ್ಟು ಎಂದು ವಿಂಗಡಿಸಿ ತೋರಿಸುವ ದಾಖಲೆ ಮಾತ್ರ ಅನೇಕರ ಬಳಿ ಇರಲಿಲ್ಲ. ಗುಮಾಸ್ತರನ್ನು ಇಟ್ಟುಕೊಂಡ ಮಂಡಿಗಳಿಗಿಂತ, ಒಬ್ಬರೇ ದುಡಿದು ಒಬ್ಬರೇ ಲೆಕ್ಕವಿಡುವ ಸ್ವತಂತ್ರ ವೃತ್ತಿಯವರಿಗೆ ಈ ಕೊರತೆ ಹೆಚ್ಚು ಬಾಧಿಸುತ್ತದೆ. ಅಂಥವರು ಯಾವ ತಂತ್ರಾಂಶವನ್ನು, ಯಾವ ಆಧಾರದ ಮೇಲೆ ಆಯ್ದುಕೊಳ್ಳಬೇಕು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕೆಲಸ, ಆನಂತರ ತಂತ್ರಾಂಶ

ಸಾಮಾನ್ಯವಾಗಿ ನಾವು ಮಾಡುವ ತಪ್ಪೆಂದರೆ, ಪಕ್ಕದ ಅಂಗಡಿಯವರು ಬಳಸುತ್ತಿದ್ದಾರೆಂದು ಅದೇ ತಂತ್ರಾಂಶವನ್ನು ಕೊಳ್ಳುವುದು. ಒಬ್ಬೊಬ್ಬರ ಕಸುಬಿನ ಲೆಕ್ಕ ಒಂದೊಂದು ಬಗೆಯದು. ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನೇ ನೋಡಬಹುದು.

ಚನ್ನಗಿರಿಯ ಅಡಿಕೆ ಖೇಣಿದಾರರನ್ನು ತೆಗೆದುಕೊಳ್ಳಿ. ತೋಟದ ಮಾಲೀಕರಿಗೆ ಹಂಗಾಮಿಗೆ ಮೊದಲೇ ಮುಂಗಡ ಕೊಟ್ಟಿರುತ್ತಾರೆ. ಹಸಿ ಅಡಿಕೆಯನ್ನು ಕ್ವಿಂಟಾಲಿನಲ್ಲಿ ತೂಗಿ, ಸುಲಿಸಿ, ಬೇಯಿಸಿ, ಒಣಗಿಸಿ, ಬೇರೆಯೇ ತೂಕದಲ್ಲಿ ಮಾರುತ್ತಾರೆ. ಅವರಿಗೆ ಬೇಕಾದದ್ದು ಪ್ರತಿ ತೋಟಕ್ಕೂ ಒಂದು ಖಾತೆ. ಅದರಲ್ಲಿ ಮುಂಗಡ, ಹಸಿ ತೂಕ, ಕೂಲಿ, ಒಣ ತೂಕ, ಮಾರಿದ ದರ ಒಂದೇ ಸಾಲಿನಲ್ಲಿ ಕಾಣಬೇಕು. ಕಿರಾಣಿ ಅಂಗಡಿಗಾಗಿ ರಚಿಸಿದ ಬಿಲ್ಲಿಂಗ್ ತಂತ್ರಾಂಶದಲ್ಲಿ ಒಂದು ಸರಕು ಇನ್ನೊಂದಾಗಿ ಮಾರ್ಪಡುವ ಈ ಲೆಕ್ಕಕ್ಕೆ ಸಾಮಾನ್ಯವಾಗಿ ಸ್ಥಳವಿರುವುದಿಲ್ಲ. ಇವರಿಗೆ ಅಚ್ಚುಕಟ್ಟಾಗಿ ರಚಿಸಿದ ಒಂದು ಎಕ್ಸೆಲ್ ಹಾಳೆಯೇ ಹೆಚ್ಚು ಉಪಯುಕ್ತವಾದೀತು.

ಹೊನ್ನಾಳಿಯ ಸುತ್ತ ಭತ್ತದ ಗದ್ದೆಗಳಲ್ಲಿ ಕಟಾವು ಯಂತ್ರ ಓಡಿಸುವವರು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಪಡೆಯುತ್ತಾರೆ. ಕೆಲವೇ ವಾರಗಳಲ್ಲಿ ನೂರಾರು ರೈತರ ಲೆಕ್ಕ ಸೇರುತ್ತದೆ, ಹಣ ಬರುವುದು ಭತ್ತ ಮಾರಿದ ಮೇಲೆ. ಗದ್ದೆಯ ಬದುವಿನಲ್ಲಿ ನಿಂತು, ಅಂತರ್ಜಾಲ ಸಂಪರ್ಕ ಇಲ್ಲದಿದ್ದರೂ, ಮೊಬೈಲಿನಲ್ಲಿ ಉದ್ರಿ ಬರೆದುಕೊಳ್ಳಲು ಬರುವ ಸಾಧನ ಇವರಿಗೆ ಬೇಕು.

ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ ಕಚೇರಿ ಕೆಲಸವನ್ನು ಅವಲಂಬಿಸಿದ ವೃತ್ತಿಗಳಿಗೆ ಅವಕಾಶ ತೆರೆದಿದೆ. ಪತ್ರ ಬರಹಗಾರರು, ನಕ್ಷೆ ತಯಾರಕರು, ಡಿಟಿಪಿ ಮಾಡುವವರು ಮುಂತಾದವರಿಗೆ ದಾಸ್ತಾನಿನ ಲೆಕ್ಕವೇ ಇಲ್ಲ. ಯಾರ ಕೆಲಸ ಯಾವ ಹಂತದಲ್ಲಿದೆ, ಮುಂಗಡ ಎಷ್ಟು, ಯಾವ ಕಡತ ಎಲ್ಲಿದೆ ಎಂಬುದೇ ಮುಖ್ಯ. ಇನ್ನು ಜಗಳೂರಿನ ಕೊಳವೆಬಾವಿ ಪಂಪು ದುರಸ್ತಿಗಾರರು ಕೂಲಿಯನ್ನೂ ಪಡೆಯುತ್ತಾರೆ, ಬಿಡಿಭಾಗವನ್ನೂ ಮಾರುತ್ತಾರೆ. ಇವರ ಬಿಲ್ಲಿನಲ್ಲಿ ಸರಕು ಮತ್ತು ಸೇವೆ ಎರಡೂ ಬೇರೆ ಬೇರೆಯಾಗಿ ನಮೂದಾಗಬೇಕು.

ಆದ್ದರಿಂದ ತಂತ್ರಾಂಶದ ಮಾರಾಟಗಾರರನ್ನು ಕರೆಸುವ ಮೊದಲು ಒಂದು ಹಾಳೆಯ ಮೇಲೆ ನಿಮ್ಮ ಕೆಲಸದ ಹಾದಿಯನ್ನು ಬರೆದುಕೊಳ್ಳಿರಿ. ಕೆಲಸ ಒಪ್ಪಿಕೊಂಡ ದಿನದಿಂದ ಹಣ ಕೈಸೇರುವ ದಿನದವರೆಗೆ ಏನೇನು ನಡೆಯುತ್ತದೆ, ಎಲ್ಲೆಲ್ಲಿ ಹಣ ಸೋರುತ್ತದೆ ಎಂಬುದು ಆಗ ಸ್ಪಷ್ಟವಾಗುತ್ತದೆ. ಸೋರುವ ಜಾಗವನ್ನು ಮುಚ್ಚುವ ಸಾಧನವೇ ನಿಮಗೆ ಬೇಕಾದದ್ದು.

ಕಾನೂನು ಏನನ್ನು ಅಪೇಕ್ಷಿಸುತ್ತದೆ?

ಕೇವಲ ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟು. ಈ ಮಿತಿ 2019ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಸೇವೆ ಸಲ್ಲಿಸುವವರಿಗೆ ಮಿತಿ 20 ಲಕ್ಷ ರೂಪಾಯಿ. ಸರಕಿನ ಜೊತೆಗೆ ತೆರಿಗೆಗೊಳಪಡುವ ಸೇವೆಯನ್ನೂ ನೀಡುವ ಪಂಪು ದುರಸ್ತಿಗಾರರಂಥವರು 40 ಲಕ್ಷದ ಮಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ, ಅವರಿಗೂ 20 ಲಕ್ಷವೇ ಅನ್ವಯ. ಈ ಅಂಶ ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಆದ್ದರಿಂದ ವರ್ಷದ ಆರಂಭದಿಂದ ಇಂದಿನವರೆಗಿನ ಒಟ್ಟು ವಹಿವಾಟನ್ನು, ಸರಕು ಮತ್ತು ಸೇವೆಯನ್ನು ಬೇರ್ಪಡಿಸಿ, ಒಂದೇ ನೋಟಕ್ಕೆ ತೋರಿಸುವ ಸೌಲಭ್ಯ ತಂತ್ರಾಂಶದಲ್ಲಿ ಇರಲೇಬೇಕು.

ನೋಂದಾಯಿತರ ತೆರಿಗೆ ಬಿಲ್ಲಿಗೆ ಆರ್ಥಿಕ ವರ್ಷದೊಳಗೆ ಪುನರಾವರ್ತನೆಯಾಗದ ಅನುಕ್ರಮ ಸಂಖ್ಯೆ ಇರತಕ್ಕದ್ದು. ಅದು 16 ಅಕ್ಷರಗಳನ್ನು ಮೀರಬಾರದು. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ತೆರಿಗೆ ವಸೂಲು ಮಾಡುವಂತಿಲ್ಲ. ಕೆಲವು ತಂತ್ರಾಂಶಗಳ ಸಿದ್ಧ ನಮೂನೆಯಲ್ಲಿ ತೆರಿಗೆಯ ಕಲಂ ತಾನಾಗಿಯೇ ಸೇರಿಕೊಳ್ಳುತ್ತದೆಯಾದ್ದರಿಂದ ಎಚ್ಚರಿಕೆ ಅಗತ್ಯ. ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು, ಅಂದರೆ ಆರು ವರ್ಷ, ಕಾಯ್ದಿಡಬೇಕು. ತೆರಿಗೆ ದರಗಳೂ ಸ್ಥಿರವಲ್ಲ. 2025ರ ಸೆಪ್ಟೆಂಬರ್ 22ರಿಂದ ಶೇ. 12 ಮತ್ತು ಶೇ. 28ರ ಹಂತಗಳನ್ನು ಕೈಬಿಟ್ಟು ಬಹುತೇಕ ಸರಕುಗಳನ್ನು ಶೇ. 5 ಮತ್ತು ಶೇ. 18ರ ಹಂತಗಳಿಗೆ ತಂದಾಗ, ದರವನ್ನು ಒಡನೆಯೇ ಬದಲಿಸಿಕೊಳ್ಳಲು ಬಂದವರಿಗೆ ಮಾತ್ರ ಮಾರನೆಯ ದಿನದ ಬಿಲ್ಲು ಸುಲಭವಾಯಿತು.

ಬಾಕಿ ವಸೂಲಿಗೂ ಕಾನೂನಿನ ಬೆಂಬಲವಿದೆ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ, ಅತಿಸಣ್ಣ ಮತ್ತು ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆ ಪಡೆದವರು ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಸಬೇಕು. 2020ರ ಜುಲೈ 1ರಿಂದ ಆರಂಭವಾದ ಉದ್ಯಮ್ ನೋಂದಣಿಗೆ ಯಾವ ಶುಲ್ಕವೂ ಇಲ್ಲ. ಈ ರಕ್ಷಣೆಯನ್ನು ಬಳಸಿಕೊಳ್ಳಬೇಕಾದರೆ ಕೆಲಸ ಒಪ್ಪಿಸಿದ ದಿನಾಂಕ ಮತ್ತು ಬಿಲ್ಲಿನ ಗಡುವು ದಾಖಲೆಯಲ್ಲಿರಬೇಕು. ಗಡುವು ಮೀರಿದ ಬಿಲ್ಲುಗಳ ಪಟ್ಟಿಯನ್ನು ತಾನಾಗಿಯೇ ತೋರಿಸದ ತಂತ್ರಾಂಶವು ಸೇವಾ ವೃತ್ತಿಯವರಿಗೆ ಅರ್ಧ ಉಪಯೋಗಕ್ಕೆ ಮಾತ್ರ ಬಂದೀತು.

ಲಭ್ಯವಿರುವ ಸಾಧನಗಳು

ಮಾರುಕಟ್ಟೆಯಲ್ಲಿ ದೊರೆಯುವ ಸಾಧನಗಳನ್ನು ಸ್ಥೂಲವಾಗಿ ನಾಲ್ಕು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ಎಕ್ಸೆಲ್, ಗೂಗಲ್ ಶೀಟ್ಸ್, ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಕ್ಯಾಲ್ಕ್ ಮುಂತಾದ ಲೆಕ್ಕದ ಹಾಳೆಗಳು. ತಿಂಗಳಿಗೆ ಹತ್ತಿಪ್ಪತ್ತು ಬಿಲ್ಲು ಬರೆಯುವವರಿಗೆ ಇದು ಸಾಕು. ದೋಷವೆಂದರೆ, ಯಂತ್ರದಲ್ಲಿಯೇ ಉಳಿಸಿದ ಹಾಳೆಯಲ್ಲಿ ಹಳೆಯ ಅಂಕಿಯನ್ನು ಯಾರು ಯಾವಾಗ ತಿದ್ದಿದರೂ ಸಾಮಾನ್ಯವಾಗಿ ಸುಲಭವಾಗಿ ತಿಳಿಯುವುದಿಲ್ಲ.

ಎರಡನೆಯದು ಮೊಬೈಲಿನಲ್ಲಿ ನಡೆಯುವ ಉದ್ರಿ ಪುಸ್ತಕಗಳು. ಖಾತಾಬುಕ್, ಓಕೆಕ್ರೆಡಿಟ್ ಈ ವರ್ಗಕ್ಕೆ ಸೇರಿದವು. ಬಾಕಿದಾರರಿಗೆ ನೆನಪಿನ ಸಂದೇಶ ಕಳುಹಿಸುವುದು ಇವುಗಳ ದೊಡ್ಡ ಅನುಕೂಲ. ಆದರೆ ಕೊಟ್ಟದ್ದು, ಬಂದದ್ದು ಎಂಬ ಎರಡೇ ಕಲಂಗಳ ಉದ್ರಿ ಪುಸ್ತಕವನ್ನು ಪೂರ್ಣ ಲೆಕ್ಕಪತ್ರವೆಂದು ಭಾವಿಸಬಾರದು.

ಮೂರನೆಯದು ಬಿಲ್ಲಿಂಗ್ ತಂತ್ರಾಂಶಗಳು. ವ್ಯಾಪಾರ್, ಝೋಹೋ ಇನ್‌ವಾಯ್ಸ್ ಮೊದಲಾದವು ಇಲ್ಲಿ ಬರುತ್ತವೆ. ಅಂದಾಜು ಪಟ್ಟಿ, ಬಿಲ್ಲು, ರಸೀದಿ ಒಂದಕ್ಕೊಂದು ಹೊಂದಿಕೊಂಡು ಸಾಗುವುದರಿಂದ ಬಹುತೇಕ ಸ್ವತಂತ್ರ ವೃತ್ತಿಯವರಿಗೆ ಇದು ಸೂಕ್ತ.

ನಾಲ್ಕನೆಯದು ಪೂರ್ಣ ಪ್ರಮಾಣದ ಲೆಕ್ಕಪತ್ರ ತಂತ್ರಾಂಶ. 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಪುತ್ರ ಭರತ್ ಗೋಯೆಂಕಾ ಅವರು ಆರಂಭಿಸಿದ ಬೆಂಗಳೂರಿನ ಸಂಸ್ಥೆಯ ಟ್ಯಾಲಿಯನ್ನು ಅರಿಯದ ವರ್ತಕರು ವಿರಳ. ಅದನ್ನು ಬಲ್ಲ ಗುಮಾಸ್ತರು ತಾಲ್ಲೂಕು ಕೇಂದ್ರಗಳಲ್ಲಿಯೂ ಸಿಗುತ್ತಾರೆ ಎಂಬುದೇ ಅದರ ದೊಡ್ಡ ಬಲ. ವೆಚ್ಚ ಉಳಿಸುವ ಆಸೆಯಿಂದ ನಕಲಿ ಪ್ರತಿಯನ್ನು ಹಾಕಿಸಿಕೊಳ್ಳುವ ಅಭ್ಯಾಸ ಮಾತ್ರ ಅಪಾಯಕಾರಿ. ಅದು ಕಾನೂನುಬಾಹಿರ, ತೆರಿಗೆ ನಿಯಮ ಬದಲಾದಾಗ ಪರಿಷ್ಕರಣೆಯೂ ದೊರೆಯುವುದಿಲ್ಲ.

ಹಣ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮೊದಲ ಪ್ರಶ್ನೆ: ನನ್ನ ಲೆಕ್ಕವನ್ನು ನಾನು ಹೊರತೆಗೆಯಬಹುದೇ? ಯಾವ ಸಂಸ್ಥೆಯೂ ಶಾಶ್ವತವಲ್ಲ. ಜಗತ್ತಿನಾದ್ಯಂತ ಹೆಸರಾದ ಕ್ವಿಕ್‌ಬುಕ್ಸ್ ತಂತ್ರಾಂಶದ ಸಂಸ್ಥೆಯು ಭಾರತದಲ್ಲಿನ ಸೇವೆಯನ್ನು ನಿಲ್ಲಿಸುವುದಾಗಿ 2022ರಲ್ಲಿ ಪ್ರಕಟಿಸಿ, 2023ರಲ್ಲಿ ಅದನ್ನು ಕೊನೆಗೊಳಿಸಿತು. ಇಲ್ಲಿನ ಬಳಕೆದಾರರೆಲ್ಲರೂ ಗಡುವಿನೊಳಗೆ ಲೆಕ್ಕವನ್ನು ಬೇರೆಡೆಗೆ ಸಾಗಿಸಬೇಕಾಯಿತು. ದಾಖಲೆಯನ್ನು ಆರು ವರ್ಷ ಕಾಯ್ದಿಡುವ ಹೊಣೆ ನಮ್ಮದಾಗಿರುವಾಗ, ಎಲ್ಲ ಬಿಲ್ಲು ಮತ್ತು ಖಾತೆಗಳನ್ನು ಎಕ್ಸೆಲ್ ಹಾಗೂ ಪಿಡಿಎಫ್ ರೂಪದಲ್ಲಿ ಇಳಿಸಿಕೊಳ್ಳಲು ಬಾರದ ತಂತ್ರಾಂಶವನ್ನು ಉಚಿತವಾಗಿ ಕೊಟ್ಟರೂ ಒಪ್ಪಬಾರದು.

ಎರಡನೆಯ ಪ್ರಶ್ನೆ: ಮೂರು ವರ್ಷಕ್ಕೆ ಒಟ್ಟು ವೆಚ್ಚವೆಷ್ಟು? ಮೊದಲ ವರ್ಷದ ರಿಯಾಯಿತಿ ದರವನ್ನು ನೋಡಿ ಮರುಳಾಗದೆ, ನವೀಕರಣ ಶುಲ್ಕ, ಎರಡನೆಯ ಗಣಕಯಂತ್ರದ ಶುಲ್ಕ, ತರಬೇತಿ, ದುರಸ್ತಿ ಎಲ್ಲವನ್ನೂ ಕೂಡಿ ನೋಡಬೇಕು. ಅದು ಉಳಿಸುವ ಸಮಯವನ್ನು ನಿಮ್ಮ ದಿನದ ಸಂಪಾದನೆಯೊಂದಿಗೆ ತೂಗಿ ನೋಡಿದರೆ ಲಾಭನಷ್ಟ ತಾನಾಗಿ ತಿಳಿಯುತ್ತದೆ.

ಮೂರನೆಯ ಪ್ರಶ್ನೆ: ಕೆಟ್ಟಾಗ ಯಾರನ್ನು ಕೇಳಬೇಕು? ದಾವಣಗೆರೆಯಿಂದಲೋ ಶಿವಮೊಗ್ಗದಿಂದಲೋ ಬರುವವರಿಗಾಗಿ ಎರಡು ದಿನ ಕಾಯುವುದಾದರೆ, ಹಂಗಾಮಿನ ನಡುವೆ ಆಗುವ ನಷ್ಟ ಸಣ್ಣದಲ್ಲ. ನಿಮ್ಮ ತೆರಿಗೆ ಸಲಹೆಗಾರರು ಬಳಸುವ ತಂತ್ರಾಂಶಕ್ಕೆ ನಿಮ್ಮ ಲೆಕ್ಕ ನೇರವಾಗಿ ಸೇರುತ್ತದೆಯೇ ಎಂಬುದನ್ನೂ ಅವರಲ್ಲಿಯೇ ವಿಚಾರಿಸಿಕೊಳ್ಳುವುದು ಲೇಸು.

ನಾಲ್ಕನೆಯ ಪ್ರಶ್ನೆ: ಕನ್ನಡದಲ್ಲಿ ಬರೆಯಬಹುದೇ? ಈ ವಿಷಯದಲ್ಲಿ ಲೇಖಕನ ಸ್ವಂತ ಅನುಭವವೊಂದನ್ನು ಹೇಳಬೇಕು. ವರ್ಷಗಳ ಹಿಂದೆ ಗ್ರಾಹಕರ ಹೆಸರು, ಊರು, ಬಾಕಿಗಳ ಪಟ್ಟಿಯನ್ನು ಯೂನಿಕೋಡ್ ಅಲ್ಲದ ಕನ್ನಡ ಫಾಂಟಿನಲ್ಲಿ ಸಿದ್ಧಪಡಿಸಿಕೊಂಡಿದ್ದೆ. ಹಳೆಯ ಯಂತ್ರ ಕೆಟ್ಟು, ಆ ಕಡತವನ್ನು ಹೊಸದರಲ್ಲಿ ತೆರೆದಾಗ ಕಂಡದ್ದು ಅರ್ಥವಿಲ್ಲದ ಆಂಗ್ಲ ಅಕ್ಷರಗಳ ಸಾಲು. ಅಂಕಿಗಳು ಉಳಿದಿದ್ದವು, ಅವು ಯಾರ ಬಾಕಿ ಎಂಬುದು ಓದಲಾಗದಂತಾಗಿತ್ತು. ಪರಿವರ್ತಕದ ನೆರವಿನಿಂದ ಬಹುಪಾಲು ಹೆಸರುಗಳು ಮರಳಿ ದೊರೆತವಾದರೂ, ಅಷ್ಟರಲ್ಲಿ ವಸೂಲಿಯ ಕಾಲ ಮೀರಿ ಕೆಲವು ಬಾಕಿಗಳನ್ನು ಕೈಬಿಡಬೇಕಾಯಿತು. ಕನ್ನಡದ ಹೆಸರನ್ನು ಯೂನಿಕೋಡಿನಲ್ಲಿಯೇ ದಾಖಲಿಸಿರಿ. ಒತ್ತಕ್ಷರವಿರುವ ಒಂದು ಹೆಸರನ್ನು ಬರೆದು, ಬಿಲ್ಲು ಮುದ್ರಿಸಿ, ಅದೇ ಹೆಸರಿನಿಂದ ಹುಡುಕಿ ನೋಡಿರಿ. ಮೂರೂ ಸರಿಯಾಗಿ ಬಂದರೆ ಮಾತ್ರ ಆ ತಂತ್ರಾಂಶ ಕನ್ನಡಕ್ಕೆ ಯೋಗ್ಯ.

ಆರಂಭಿಸುವ ಕ್ರಮ

ಯಾವುದೇ ತಂತ್ರಾಂಶಕ್ಕಿಂತ ಮೊದಲು ಬೇಕಾದದ್ದು ವ್ಯವಹಾರಕ್ಕೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ಮತ್ತು ಅದಕ್ಕೆ ಜೋಡಿಸಿದ ಕ್ಯೂಆರ್ ಸಂಕೇತ. ಮನೆಯ ಹಣ, ವ್ಯವಹಾರದ ಹಣ ಒಂದೇ ಖಾತೆಯಲ್ಲಿ ಬೆರೆತರೆ ಯಾವ ತಂತ್ರಾಂಶವೂ ಅದನ್ನು ಬಿಡಿಸಿಕೊಡಲಾರದು.

ಎರಡನೆಯದಾಗಿ, ಒಂದು ತಿಂಗಳ ಕಾಲ ಹಳೆಯ ಪುಸ್ತಕವನ್ನೂ ಹೊಸ ತಂತ್ರಾಂಶವನ್ನೂ ಜೊತೆಜೊತೆಯಾಗಿ ಬರೆಯಬೇಕು. ತಿಂಗಳ ಕೊನೆಗೆ ಎರಡರ ಬಾಕಿ ಮತ್ತು ಬ್ಯಾಂಕಿನ ಶಿಲ್ಕು ತಾಳೆಯಾದರೆ ಮುಂದುವರಿಯಬಹುದು. ಮಾರ್ಚ್ ತಿಂಗಳಲ್ಲಿ ಈ ಪರೀಕ್ಷೆ ನಡೆಸಿ, ಏಪ್ರಿಲ್ 1ರಿಂದ ಹೊಸ ಬಿಲ್ಲು ಸಂಖ್ಯೆಯೊಡನೆ ಪೂರ್ಣವಾಗಿ ಬದಲಾಗುವುದು ಅನುಕೂಲಕರ. ಖೇಣಿದಾರರು ಮಾತ್ರ ಹಂಗಾಮಿನ ನಡುವೆ ಈ ಬದಲಾವಣೆಗೆ ಕೈಹಾಕದಿರುವುದು ಒಳ್ಳೆಯದು.

ಮೂರನೆಯದಾಗಿ, ವಾರಕ್ಕೊಮ್ಮೆ ಪ್ರತಿ ತೆಗೆದಿರಿಸಬೇಕು. ಅದೇ ಯಂತ್ರದಲ್ಲಿ ಇಟ್ಟ ಪ್ರತಿಯು ಪ್ರತಿಯೇ ಅಲ್ಲ. ಒಂದು ಪೆನ್‌ಡ್ರೈವಿನಲ್ಲಿ, ಇನ್ನೊಂದು ಅಂತರ್ಜಾಲದ ಸಂಗ್ರಹದಲ್ಲಿ ಇರಲಿ. ವರ್ಷಕ್ಕೆ ಎರಡು ಬಾರಿಯಾದರೂ ಆ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ಗುಪ್ತಪದವನ್ನು ಮನೆಯಲ್ಲಿ ಇನ್ನೊಬ್ಬರಿಗೆ ತಿಳಿಸಿರಬೇಕು. ಒಬ್ಬರೇ ನಡೆಸುವ ಉದ್ಯಮದಲ್ಲಿ ಆ ಒಬ್ಬರು ಆಸ್ಪತ್ರೆ ಸೇರಿದರೆ, ಯಾರಿಂದ ಎಷ್ಟು ಬರಬೇಕೆಂಬುದನ್ನು ಮನೆಯವರು ಊಹಿಸಿ ವಸೂಲು ಮಾಡಲಾಗುವುದಿಲ್ಲ.

ನಮ್ಮ ಹಿರಿಯರು ದೀಪಾವಳಿಯಂದು ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲಿಸುತ್ತಿದ್ದರು, ಪ್ರತಿರಾತ್ರಿ ಕಿರ್ದಿ ಬರೆಯದೆ ಅಂಗಡಿಯ ಬಾಗಿಲು ಹಾಕುತ್ತಿರಲಿಲ್ಲ. ತಂತ್ರಾಂಶ ಎಷ್ಟೇ ಉತ್ತಮವಾಗಿದ್ದರೂ ಈ ಎರಡನೆಯ ಅಭ್ಯಾಸಕ್ಕೆ ಬದಲಿಯಾಗಲಾರದು. ದಿನಕ್ಕೆ ಹತ್ತು ನಿಮಿಷ ಅದಕ್ಕೆ ಮೀಸಲಿಡಲು ಸಿದ್ಧರಿರುವವರಿಗೆ ಸರಳವಾದ ಉಚಿತ ಸಾಧನವೂ ಸಾಕಾಗುತ್ತದೆ. ಮುಂದೆ ಎಂದಾದರೂ ನೋಟಿಸು ಬಂದಲ್ಲಿ, ಗಾಬರಿಯಾಗದೆ ಉತ್ತರ ಬರೆಯಲು ಬೇಕಾದ ಕಾಗದಗಳು ಅವರ ಕೈಯಲ್ಲಿ ಇರುತ್ತವೆ.