ಸ್ವರಮೇಳವನ್ನು ಬಿಡಿಸುವ ಯಂತ್ರ

ವಾದಕನು ಮೂರು ಕೀಲಿಗಳನ್ನು ಒಮ್ಮೆಗೇ ಒತ್ತಿ ಹಿಡಿದು, ಕೈಯನ್ನು ಅಲುಗಿಸದೆ ಕುಳಿತಿದ್ದಾನೆ. ಧ್ವನಿವರ್ಧಕದಿಂದಲಾದರೋ ಸ್ವರಗಳು ಒಂದರ ಹಿಂದೊಂದು ಹರಿದುಬರುತ್ತಿವೆ. ಬೆರಳು ನಿಂತಿದ್ದರೂ ಸ್ವರ ನಡೆಯುವುದೆಂತು? ಈ ಕೆಲಸವನ್ನು ಮಾಡುವ ಸಾಧನಕ್ಕೆ ಆರ್ಪೆಜಿಯೇಟರ್ ಎಂದು ಹೆಸರು. ಹಾರ್ಪ್ ವಾದ್ಯವನ್ನು ನುಡಿಸುವುದೆಂಬ ಅರ್ಥದ ಇಟಾಲಿಯನ್ ಮಾತಿನಿಂದ ಹುಟ್ಟಿದ ಪದವಿದು. ತಂತಿಗಳನ್ನು ಒಟ್ಟಿಗೆ ಮೀಟದೆ ಒಂದೊಂದಾಗಿ ಮೀಟುವಂತೆ, ಸ್ವರಮೇಳವನ್ನು ಬಿಡಿಸಿ ನುಡಿಸುವುದೇ ಆರ್ಪೆಜಿಯೋ. ಕೈಬೆರಳುಗಳು ಶತಮಾನಗಳಿಂದ ಮಾಡುತ್ತಿದ್ದ ಈ ಕೆಲಸವನ್ನು 1978ರ ರೋಲೆಂಡ್ ಜುಪಿಟರ್-4ರಂತಹ ವಾದ್ಯಗಳು ತಾವೇ ವಹಿಸಿಕೊಂಡವು.

ಮಿಡಿ ಕೀಲಿಮಣೆಯು ಸ್ವತಃ ಮೂಕವೆಂಬುದನ್ನು ವಾಚಕರು ಮೊದಲು ಗಮನಿಸಬೇಕು. ಅದು ನಾದವನ್ನು ಕಳುಹಿಸುವುದಿಲ್ಲ, ಅಂಕಿಗಳನ್ನು ಕಳುಹಿಸುತ್ತದೆ. 1983ರಲ್ಲಿ ರೂಢಿಗೆ ಬಂದ ಮಿಡಿ ಪದ್ಧತಿಯಲ್ಲಿ ಮಧ್ಯದ ಸಿ ಸ್ವರದ ಸಂಖ್ಯೆ 60. ಅದನ್ನೇ ಷಡ್ಜವೆಂದಿಟ್ಟುಕೊಂಡರೆ ಅಂತರ ಗಾಂಧಾರ 64, ಪಂಚಮ 67. ಒತ್ತಿದ ಬಲಕ್ಕೂ 127ರವರೆಗೆ ಒಂದು ಅಂಕಿ ಉಂಟು. ಆರ್ಪೆಜಿಯೇಟರ್ ಈ ಮೂರು ಸಂಖ್ಯೆಗಳನ್ನು ನೆನಪಿನಲ್ಲಿಟ್ಟುಕೊಂಡು, 'ಸ ನುಡಿ, ಸ ನಿಲ್ಲಿಸು, ಗ ನುಡಿ, ಗ ನಿಲ್ಲಿಸು' ಎಂದು ಧ್ವನಿಯಂತ್ರಕ್ಕೆ ಸರದಿಯಂತೆ ಆಜ್ಞೆ ಕೊಡುತ್ತದೆ.

ಕಾಲದ ಲೆಕ್ಕವು ಗಡಿಯಾರದ ಮಿಡಿತದಿಂದ ಸಿಗುತ್ತದೆ. ಒಂದು ಎಣಿಕೆಗೆ 24 ಮಿಡಿತಗಳು. ನಿಮಿಷಕ್ಕೆ 120 ಎಣಿಕೆಗಳಾದರೆ ಒಂದು ಎಣಿಕೆಗೆ ಅರ್ಧ ಸೆಕೆಂಡು. ಎಣಿಕೆಗೆ ನಾಲ್ಕು ಸ್ವರಗಳ ಚತುರಶ್ರ ನಡೆಯಲ್ಲಿ ಆರು ಮಿಡಿತಗಳಿಗೊಂದು ಸ್ವರ ಬರುತ್ತದೆ. ತಿಶ್ರ ನಡೆಯಲ್ಲಿ ಎಂಟಕ್ಕೊಂದು. 'ಗೇಟ್' ಎಂಬ ತಿರುಪನ್ನು ಅರ್ಧಕ್ಕೆ ಇಟ್ಟರೆ ಸ್ವರವು ತನ್ನ ಪಾಲಿನ ಕಾಲದ ಅರ್ಧದಲ್ಲೇ ನಿಂತು, ನಾದವು ಕತ್ತರಿಸಿದಂತೆ ಬಿಡಿಬಿಡಿಯಾಗುತ್ತದೆ.

ರಸವಿರುವುದು ಇಲ್ಲಿ. ಸ, ಗ, ಪ ಎಂಬ ಮೂರು ಸ್ವರಗಳನ್ನು ಏರುವ ಕ್ರಮದಲ್ಲಿ ಚತುರಶ್ರ ನಡೆಗೆ ಬಿಟ್ಟರೆ ಮೊದಲ ಎಣಿಕೆ ಷಡ್ಜದ ಮೇಲೆ, ಎರಡನೆಯದು ಗಾಂಧಾರದ ಮೇಲೆ, ಮೂರನೆಯದು ಪಂಚಮದ ಮೇಲೆ ಬೀಳುತ್ತದೆ. ನಾಲ್ಕನೆಯ ಎಣಿಕೆಗೆ ಮತ್ತೆ ಷಡ್ಜ. ಮೃದಂಗದ ಲೆಕ್ಕಾಚಾರವನ್ನು ಕೇಳಿ ಪಳಗಿದ ಕಿವಿಗೆ ಇದರ ಸೊಗಸನ್ನು ವಿವರಿಸಬೇಕಾಗಿಲ್ಲ. ಏರಿಳಿಯುವ ಕ್ರಮವನ್ನು ಆರಿಸಿದರೆ ಸ, ಗ, ಪ, ಗ ಎಂದು ನಾಲ್ಕಾಗಿ, ಪ್ರತಿ ಎಣಿಕೆಯೂ ಷಡ್ಜಕ್ಕೇ ಕೂಡುತ್ತದೆ. ಆ ಸೊಗಸು ಮಾಯವಾಗುತ್ತದೆ. ಈ ಲೇಖಕನ ಕಿವಿಗಂತೂ ಮೊದಲನೆಯದೇ ಮೇಲು.

ಹೊಸಬರು ಸಾಮಾನ್ಯವಾಗಿ ಎಡವುವುದು ಗಡಿಯಾರದಲ್ಲಿ. ನಾನೂ ಎಡವಿದೆ. ಗಣಕಯಂತ್ರದಲ್ಲಿ ತಾಳವು 120ರಲ್ಲಿ ನಡೆಯುತ್ತಿತ್ತು. ಕೀಲಿಮಣೆ ತನ್ನ ಸ್ವಂತ ಗಡಿಯಾರವನ್ನು ನಂಬಿ 121ರಲ್ಲಿ ಓಡುತ್ತಿತ್ತು. ಆರಂಭದಲ್ಲಿ ಎಲ್ಲವೂ ಸರಿಯೆನಿಸಿತು. ಅರ್ಧ ನಿಮಿಷದಲ್ಲಿ ಅರ್ಧ ಎಣಿಕೆಯಷ್ಟು ಅಂತರ ಬಿದ್ದು, ಅಷ್ಟೂ ಧ್ವನಿಮುದ್ರಣವು ಕೆಟ್ಟಿತು. ನನ್ನ ತಾಳಜ್ಞಾನವನ್ನೇ ಶಂಕಿಸುತ್ತ ಒಂದು ಸಂಜೆಯನ್ನು ಕಳೆದೆ! ಗಡಿಯಾರದ ಮಿಡಿತವನ್ನು ಹೊರಗಿನಿಂದ, ಎಂದರೆ ಗಣಕದಿಂದ, ಪಡೆಯುವಂತೆ ಕೀಲಿಮಣೆಯನ್ನು ಹೊಂದಿಸಿದೊಡನೆ ದೋಷ ನೀಗಿತು. ಗಣಕದಲ್ಲಿಯೂ ಇನ್ನೊಂದು ಆರ್ಪೆಜಿಯೇಟರ್ ಜಾಗೃತವಾಗಿದ್ದರೆ ಬಿಡಿಸಿದ್ದನ್ನೇ ಮತ್ತೆ ಬಿಡಿಸಲು ಹೋಗಿ ಗೊಂದಲವಾಗುವುದುಂಟು. ಎರಡರಲ್ಲಿ ಒಂದನ್ನು ಆರಿಸಬೇಕು.

ಹಾಗಾದರೆ ನುಡಿಸುವವರು ಯಾರು, ಮನುಷ್ಯನೋ ಯಂತ್ರವೋ? ಸ್ವರದಿಂದ ಸ್ವರಕ್ಕೆ ಜಾರುವ ಗಮಕವನ್ನು ಈ ಸಾಧನವು ತಾನಾಗಿ ಅರಿಯದು. ಅದು ಮೆಟ್ಟಿಲುಗಳನ್ನು ಮಾತ್ರ ಬಲ್ಲದು. ಯಾವ ಮೆಟ್ಟಿಲು ಎಂಬುದನ್ನು ಬೆರಳೇ ಹೇಳಬೇಕು. ಷಡ್ಜ ಪಂಚಮಗಳನ್ನು ಹಾಗೆಯೇ ಹಿಡಿದು, ಗಾಂಧಾರದ ಬೆರಳೊಂದನ್ನು 64ರಿಂದ 63ಕ್ಕೆ, ಅಂದರೆ ಸಾಧಾರಣ ಗಾಂಧಾರಕ್ಕೆ, ಸರಿಸಿ ನೋಡಿ. ಓಟವು ನಿಲ್ಲುವುದಿಲ್ಲ, ವೇಗವೂ ಬದಲಾಗುವುದಿಲ್ಲ. ಮುಂದಿನ ಸುತ್ತಿನಲ್ಲಿ ಗಾಂಧಾರದ ಸರದಿ ಬರುತ್ತಲೇ ಬೆಳಕಿದ್ದ ಕೋಣೆಯಲ್ಲಿ ಕತ್ತಲು ಕವಿದಂತೆ ಭಾವವೇ ಬೇರೆಯಾಗುತ್ತದೆ.